ಗೃಹ ಚಿತ್ರಮಂದಿರಕ್ಕೆ ಯಾವ ಪ್ರೊಜೆಕ್ಟರ್: ಹಳೆಯ ಸಿ.ಆರ್.ಟಿ.ಯೋ, ಡಿಜಿಟಲ್ಲೋ?

ಗೃಹ ಚಿತ್ರಮಂದಿರದ ಉಪಕರಣಗಳನ್ನು ಮಾರುವ ಹಾಗೂ ಅಳವಡಿಸಿಕೊಡುವ ವರ್ತಕರ ಮುಂದೆ ಗ್ರಾಹಕರು ಇಡಬಹುದಾದ ಪ್ರಶ್ನೆಯೊಂದಿದೆ. ಒಂದು ಕಾಲದಲ್ಲಿ ದೊಡ್ಡ ಸಂಸ್ಥೆಗಳು ಮಾತ್ರ ಕೊಳ್ಳಬಹುದಾಗಿದ್ದ ಮೂರು ಟ್ಯೂಬ್‌ಗಳ ಸಿ.ಆರ್.ಟಿ. ಪ್ರೊಜೆಕ್ಟರ್ ಬಳಸಿದ ಸರಕಾಗಿ ಅಲ್ಪ ಬೆಲೆಗೆ ದೊರೆಯುವುದಾದರೆ, ಹೊಸ ಡಿಜಿಟಲ್ ಪ್ರೊಜೆಕ್ಟರಿಗೆ ಹೆಚ್ಚು ಹಣವನ್ನು ಏಕೆ ತೊಡಗಿಸಬೇಕು? ಹಳೆಯ ಯಂತ್ರದ ಚಿತ್ರವೇ ಉತ್ತಮವೆಂದು ಬಲ್ಲವರು ಹೇಳುವುದನ್ನು ಅವರು ಕೇಳಿರುತ್ತಾರೆ. ಆ ಮಾತು ಸುಳ್ಳಲ್ಲ. ಆದರೆ ಅದು ಯಾವ ಕೋಣೆಯಲ್ಲಿ, ಯಾರ ಕೈಯಲ್ಲಿ ನಿಜವಾಗುತ್ತದೆ ಎಂಬುದನ್ನು ವಿಚಾರಿಸದೆ ವ್ಯವಹಾರ ಕುದುರಿಸಿದಲ್ಲಿ ಕೊಂಡವರಿಗೂ ಮಾರಿದವರಿಗೂ ನಷ್ಟವೇ ಗತಿ.

ಮೊದಲಿಗೆ ಹಿನ್ನೆಲೆ. ಮನೆಗಾಗಿಯೇ ರೂಪಿಸಿದ ಪ್ರೊಜೆಕ್ಷನ್ ಟೆಲಿವಿಷನ್ನನ್ನು ಅಮೆರಿಕದ ಹೆನ್ರಿ ಕ್ಲಾಸ್ ಅವರು ತಮ್ಮ ಅಡ್ವೆಂಟ್ ಸಂಸ್ಥೆಯಿಂದ 1972ರಲ್ಲಿ ಮಾರುಕಟ್ಟೆಗೆ ತಂದರು. ಅನಂತರ ಬೆಲ್ಜಿಯಂನ ಬಾರ್ಕೊ, ಜಪಾನಿನ ಸೋನಿ, ಕೆನಡಾದ ಎಲೆಕ್ಟ್ರೋಹೋಮ್ ಮೊದಲಾದ ಸಂಸ್ಥೆಗಳು ಸಿಮ್ಯುಲೇಟರ್‌ಗಳು, ನಿಯಂತ್ರಣ ಕೊಠಡಿಗಳು ಹಾಗೂ ಸಭಾಂಗಣಗಳಿಗಾಗಿ ಅತಿ ಉತ್ಕೃಷ್ಟ ಯಂತ್ರಗಳನ್ನು ತಯಾರಿಸಿದವು. ಎಲೆಕ್ಟ್ರೋಹೋಮ್‌ನ ಮಾರ್ಕೀ, ಸೋನಿಯ ಜಿ-90 ಇವು ಈ ಪೀಳಿಗೆಯ ಪ್ರಸಿದ್ಧ ಹೆಸರುಗಳು. ಅಷ್ಟರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಲ್ಯಾರಿ ಹಾರ್ನ್‌ಬೆಕ್ 1987ರಲ್ಲಿ ಆವಿಷ್ಕರಿಸಿದ ಸೂಕ್ಷ್ಮ ಕನ್ನಡಿಗಳ ಚಿಪ್ಪನ್ನು ಆಧರಿಸಿದ ಡಿ.ಎಲ್.ಪಿ. ಪ್ರೊಜೆಕ್ಟರುಗಳು 1996ರಲ್ಲಿ ಹೊರಬಂದವು, ಎಪ್ಸನ್‌ನ ಎಲ್.ಸಿ.ಡಿ. ಪ್ರೊಜೆಕ್ಟರ್ 1989ರಲ್ಲಿಯೇ ಬಂದಿತ್ತು. ಕಚೇರಿಗಳು ಹಗುರವಾದ ಡಿಜಿಟಲ್ ಯಂತ್ರಗಳಿಗೆ ಬದಲಾದಂತೆ ಭಾರಿ ಸಿ.ಆರ್.ಟಿ. ಯಂತ್ರಗಳು ಸೇವೆಯಿಂದ ನಿವೃತ್ತವಾಗಿ ಚಿತ್ರಪ್ರೇಮಿಗಳ ಮನೆ ಸೇರಿದವು. ಪ್ರಮುಖ ತಯಾರಕರು ಇವನ್ನು ಕೈಬಿಟ್ಟು ವರ್ಷಗಳೇ ಸಂದಿವೆ. ಆದ್ದರಿಂದ ಇಂದು ಸಿ.ಆರ್.ಟಿ. ಪ್ರೊಜೆಕ್ಟರನ್ನು ಕೊಳ್ಳುವುದೆಂದರೆ ಬಳಸಿದ ಯಂತ್ರವನ್ನು ಕೊಳ್ಳುವುದೆಂದೇ ಅರ್ಥ.

ಕಪ್ಪು ಬಣ್ಣದ ಮಹಿಮೆ

ಸಿ.ಆರ್.ಟಿ. ಯಂತ್ರದಲ್ಲಿ ಕೆಂಪು, ಹಸಿರು, ನೀಲಿ ಬಣ್ಣಗಳಿಗೆ ಒಂದೊಂದರಂತೆ ಮೂರು ಟ್ಯೂಬ್‌ಗಳಿರುತ್ತವೆ. ಎಲೆಕ್ಟ್ರಾನ್ ಕಿರಣವು ಟ್ಯೂಬಿನ ಮುಖದ ಫಾಸ್ಫರ್ ಲೇಪವನ್ನು ಬೆಳಗಿಸುತ್ತದೆ. ಮಸೂರವು ಆ ಬೆಳಕನ್ನು ಪರದೆಗೆ ಒಯ್ಯುತ್ತದೆ. ಚಿತ್ರದ ಯಾವ ಭಾಗ ಕಪ್ಪಾಗಿರಬೇಕೋ ಅಲ್ಲಿ ಕಿರಣವೇ ಇರುವುದಿಲ್ಲ, ಬೆಳಕೂ ಹುಟ್ಟುವುದಿಲ್ಲ. ಡಿಜಿಟಲ್ ಯಂತ್ರದ ನೀತಿ ಇದಕ್ಕೆ ವ್ಯತಿರಿಕ್ತ. ಅದರಲ್ಲಿ ದೀಪ ಸದಾ ಉರಿಯುತ್ತಿರುತ್ತದೆ. ಬೇಡವಾದ ಬೆಳಕನ್ನು ತಡೆಯುವುದಷ್ಟೇ ಚಿಪ್ಪಿನ ಕೆಲಸ. ತಡೆ ಎಷ್ಟೇ ಬಿಗಿಯಾಗಿದ್ದರೂ ಒಂದಿಷ್ಟು ಬೆಳಕು ಸೋರಿ, ರಾತ್ರಿಯ ಆಕಾಶ ಬೂದುಬಣ್ಣಕ್ಕೆ ತಿರುಗುತ್ತದೆ.

ಲೆಕ್ಕ ಹಾಕಿ ನೋಡೋಣ. 1,000 ಲ್ಯೂಮೆನ್ ಬೆಳಕು ಕೊಡುವ ಡಿಜಿಟಲ್ ಯಂತ್ರದ ಸ್ವಾಭಾವಿಕ ಕಾಂಟ್ರಾಸ್ಟ್ ಅನುಪಾತ 1,000ಕ್ಕೆ 1 ಇದ್ದರೆ, ಪೂರ್ಣ ಕಪ್ಪು ಎಂದು ಅದು ತೋರಿಸುವಾಗಲೂ ಪರದೆಯ ಮೇಲೆ 1 ಲ್ಯೂಮೆನ್ ಬೀಳುತ್ತಿರುತ್ತದೆ. ಕತ್ತಲೆಗೆ ಹೊಂದಿಕೊಂಡ ಕಣ್ಣಿಗೆ ಇದು ಸ್ಪಷ್ಟವಾಗಿ ಗೋಚರಿಸುತ್ತದೆ. 2007ರಲ್ಲಿ ಬಂದ ಜೆ.ವಿ.ಸಿ.ಯ ಆರ್.ಎಸ್.-1 ಮಾದರಿಯು ಈ ಅನುಪಾತವನ್ನು 15,000ಕ್ಕೆ 1ರ ಮಟ್ಟಕ್ಕೆ ಏರಿಸಿದಾಗ, ಅದೇ 1,000 ಲ್ಯೂಮೆನ್‌ಗೆ ಸೋರಿಕೆಯು ಲ್ಯೂಮೆನ್ನಿನ ಹದಿನೈದನೆಯ ಒಂದು ಭಾಗಕ್ಕೆ ಇಳಿದಂತಾಯಿತು. ಸಿ.ಆರ್.ಟಿ. ಪಕ್ಷಪಾತಿಗಳಲ್ಲಿ ಅನೇಕರು ಮನಸ್ಸು ಬದಲಿಸತೊಡಗಿದ್ದು ಈ ಬಗೆಯ ಯಂತ್ರಗಳು ಬಂದ ಮೇಲೆಯೇ.

ಇಲ್ಲಿ ಸಾಮಾನ್ಯವಾಗಿ ಮರೆತುಹೋಗುವ ಸೂಕ್ಷ್ಮವೊಂದಿದೆ. ಸಿ.ಆರ್.ಟಿ.ಯ ಈ ಗೆಲುವು ಇಡೀ ದೃಶ್ಯವೇ ಕತ್ತಲೆಯಾಗಿದ್ದಾಗ ಮಾತ್ರ. ಒಂದೇ ದೃಶ್ಯದಲ್ಲಿ ಹಗಲೂ ನೆರಳೂ ಒಟ್ಟಿಗೆ ಬಂದಾಗ ಟ್ಯೂಬಿನ ಗಾಜು ಮತ್ತು ಮಸೂರದೊಳಗೆ ಬೆಳಕು ಚದುರಿ ಕಪ್ಪು ಭಾಗವನ್ನು ಮಸುಕಾಗಿಸುತ್ತದೆ. ಇಂತಹ ದೃಶ್ಯಗಳಲ್ಲಿ ಉತ್ತಮ ಡಿ.ಎಲ್.ಪಿ. ಯಂತ್ರವೇ ಮುಂದು. ಇನ್ನು ಕೋಣೆಯ ವಿಷಯ. ನಮ್ಮ ಮನೆಗಳ ನಡುಮನೆಗೆ ಬಿಳಿ ಸುಣ್ಣ ಅಥವಾ ತಿಳಿಬಣ್ಣ, ನೆಲಕ್ಕೆ ಹೊಳೆಯುವ ಗ್ರಾನೈಟ್ ಅಥವಾ ವಿಟ್ರಿಫೈಡ್ ಟೈಲ್ಸ್ ಇರುವುದೇ ಹೆಚ್ಚು. ಪರದೆಯಿಂದ ಹೊರಟ ಬೆಳಕು ಗೋಡೆ, ಸೂರು, ನೆಲಗಳಿಗೆ ಬಡಿದು ಪುನಃ ಪರದೆಗೇ ಮರಳುತ್ತದೆ. ಅಂತಹ ಕೋಣೆಯಲ್ಲಿ ಸಿ.ಆರ್.ಟಿ.ಯ ಅಪ್ಪಟ ಕಪ್ಪು ಬಹುಪಾಲು ಕೊಚ್ಚಿಹೋಗುತ್ತದೆ. ಕಿಟಕಿಗಳಿಗೆ ದಪ್ಪ ಪರದೆ, ಗೋಡೆಗಳಿಗೆ ಗಾಢ ಬಣ್ಣ, ನೆಲಕ್ಕೆ ಜಮಖಾನೆ ಇರುವ ಪ್ರತ್ಯೇಕ ಕೊಠಡಿ ಇಲ್ಲದವರಿಗೆ ಸಿ.ಆರ್.ಟಿ.ಯನ್ನು ಶಿಫಾರಸು ಮಾಡುವುದು, ನನ್ನ ಅಭಿಪ್ರಾಯದಲ್ಲಿ, ಅವರ ಹಣವನ್ನು ಪೋಲು ಮಾಡಿಸಿದಂತೆ.

ಬೆಳಕಿನ ಪ್ರಮಾಣ

ಕರ್ಣದಲ್ಲಿ 100 ಅಂಗುಲದ ಅಗಲಪರದೆಯ ವಿಸ್ತೀರ್ಣ ಸುಮಾರು 30 ಚದರ ಅಡಿ. ಡಿಜಿಟಲ್ ಚಿತ್ರಮಂದಿರಗಳ ಪರದೆಗೆ ನಿಗದಿಯಾಗಿರುವ ಪ್ರಖರತೆ 14 ಫುಟ್-ಲ್ಯಾಂಬರ್ಟ್. ಬೆಳಕನ್ನು ಹೆಚ್ಚಿಸಿ ತೋರದ ಸಾಧಾರಣ ಬಿಳಿ ಪರದೆಗೆ ಆ ಮಟ್ಟವನ್ನು ತಲುಪಲು 30ನ್ನು 14ರಿಂದ ಗುಣಿಸಬೇಕು. ಅಂದರೆ 420 ಲ್ಯೂಮೆನ್ ಬೇಕು. ಪರದೆಯನ್ನೆಲ್ಲ ಬೆಳಗುವಾಗ 8 ಅಂಗುಲದ ಟ್ಯೂಬ್‌ಗಳ ಸಿ.ಆರ್.ಟಿ. ಯಂತ್ರದಿಂದ ದೊರೆಯುವುದು ಸರಿಸುಮಾರು 200 ಲ್ಯೂಮೆನ್. ಹಾಗಾಗಿ ಪ್ರಖರತೆ 7ನ್ನೂ ಮುಟ್ಟುವುದಿಲ್ಲ. ಪರದೆಯನ್ನು 80 ಅಂಗುಲಕ್ಕೆ ಇಳಿಸಿದರೆ ವಿಸ್ತೀರ್ಣ 19 ಚದರ ಅಡಿಯಾಗಿ ಪ್ರಖರತೆ 10ನ್ನು ದಾಟುತ್ತದೆ. ಸಿ.ಆರ್.ಟಿ.ಗಳ ಮಾಹಿತಿಪತ್ರದಲ್ಲಿ 1,000 ಲ್ಯೂಮೆನ್ ಎಂದು ಬರೆದಿರುವುದನ್ನು ಕಂಡು ಮೋಸಹೋಗಬಾರದು. ಅದು ಪರದೆಯ ಒಂದು ಚಿಕ್ಕ ಭಾಗವನ್ನಷ್ಟೇ ಬೆಳಗಿದಾಗಿನ ಗರಿಷ್ಠ ಮಟ್ಟ. ಗೃಹ ಬಳಕೆಯ ಡಿಜಿಟಲ್ ಯಂತ್ರಗಳಾದರೋ ಬಣ್ಣ ಸರಿಪಡಿಸಿದ ಮೇಲೂ 1,000 ಲ್ಯೂಮೆನ್ ಆಸುಪಾಸು ಕೊಡಬಲ್ಲವು. ಕ್ರಿಕೆಟ್ ಪಂದ್ಯವನ್ನು ಹಗಲಿನಲ್ಲಿ ಹತ್ತು ಮಂದಿ ಕುಳಿತು ನೋಡುವ ಮನೆಗೆ ಇಷ್ಟು ತಿಳಿದರೆ ಸಾಕು, ಅಲ್ಲಿ ಸಿ.ಆರ್.ಟಿ.ಯ ಪ್ರಸ್ತಾಪವೇ ಅನಾವಶ್ಯಕ.

ಕೊಂಡ ನಂತರದ ಲೆಕ್ಕ

ಅಗ್ಗದ ಯಂತ್ರದ ನಿಜವಾದ ಬೆಲೆ ತಿಳಿಯುವುದು ಅದು ಮನೆಗೆ ಬಂದ ಮೇಲೆ. ಸಿ.ಆರ್.ಟಿ. ಯಂತ್ರದ ತೂಕ 50 ಕಿಲೋದಿಂದ ಆರಂಭವಾಗಿ 100 ಕಿಲೋವನ್ನೂ ಮೀರುತ್ತದೆ. ಕಾಂಕ್ರೀಟ್ ತಾರಸಿಗೆ ತೂಗುಹಾಕಲು ಎಂಜಿನಿಯರ್‌ ಒಬ್ಬರ ಸಲಹೆ ಬೇಕು. ಹಂಚಿನ ಮನೆಯ ತೊಲೆಗೆ ಕಟ್ಟುವ ಯೋಚನೆಯನ್ನು ಬಿಟ್ಟುಬಿಡುವುದೇ ಕ್ಷೇಮ. ಮೂರು ಟ್ಯೂಬ್‌ಗಳ ಚಿತ್ರಗಳು ಪರದೆಯ ಪ್ರತಿ ಬಿಂದುವಿನಲ್ಲೂ ಒಂದರ ಮೇಲೊಂದು ಕೂರುವಂತೆ ಹೊಂದಿಸುವ ಕನ್ವರ್ಜೆನ್ಸ್ ಕಾರ್ಯಕ್ಕೆ ಪಳಗಿದ ಕೈಗೂ ಹಲವು ಗಂಟೆಗಳು ಬೇಕು. ಯಂತ್ರವು ಅರ್ಧ ಗಂಟೆಯಾದರೂ ಕಾದ ಮೇಲೆಯೇ ಈ ಕೆಲಸ ಆರಂಭಿಸಬೇಕು. ಯಂತ್ರ ತುಸು ಕದಲಿದರೂ ಮತ್ತೆ ಮೊದಲಿನಿಂದ. ಈ ಕೆಲಸ ಬಲ್ಲ ತಂತ್ರಜ್ಞರು ವಿರಳರಾಗಿದ್ದಾರೆ. ಒಳಗೆ ಮೂವತ್ತು ಸಾವಿರ ವೋಲ್ಟ್‌ಗಳಿಗೂ ಮೀರಿದ ವಿದ್ಯುತ್ತಿರುವುದರಿಂದ, ಸ್ವಿಚ್ ಆರಿಸಿದ ನಂತರವೂ ತರಬೇತಿಯಿಲ್ಲದವರು ಮುಚ್ಚಳ ತೆಗೆಯಲೇಬಾರದು.

ಟ್ಯೂಬ್‌ಗಳ ಆಯುಷ್ಯ ಸಾಮಾನ್ಯ ಬಳಕೆಯಲ್ಲಿ 10,000 ಗಂಟೆಗಳ ಆಜುಬಾಜು. ದಿನಕ್ಕೆ 3 ಗಂಟೆಯಂತೆ ವರ್ಷಕ್ಕೆ 300 ದಿನ ನೋಡುವ ಕುಟುಂಬಕ್ಕೆ ವಾರ್ಷಿಕ ಬಳಕೆ 900 ಗಂಟೆ. ಹೊಸ ಟ್ಯೂಬ್ ಆಗಿದ್ದಲ್ಲಿ ಹನ್ನೊಂದು ವರ್ಷ ಬಾಳಬಹುದಿತ್ತು; ಬಳಸಿದ ಯಂತ್ರದಲ್ಲಿ ಎಷ್ಟು ಉಳಿದಿದೆ ಎಂಬುದೇ ಪ್ರಶ್ನೆ. ಡಿಜಿಟಲ್ ಯಂತ್ರದ ದೀಪ 3,000 ಗಂಟೆ ಬಾಳುವುದಾದರೆ ಮೂರು ವರ್ಷ ನಾಲ್ಕು ತಿಂಗಳಿಗೊಮ್ಮೆ ಬದಲಿಸಬೇಕು. 20,000 ಗಂಟೆಗೆ ನಿಗದಿಯಾದ ಲೇಸರ್ ಯಂತ್ರಕ್ಕೆ ಆ ಚಿಂತೆ ಇಪ್ಪತ್ತು ವರ್ಷವಾದರೂ ಬಾರದು. ಅದಕ್ಕೆ ಮುನ್ನ ಬೇರೆ ಭಾಗ ಕೆಟ್ಟೀತು ಅಥವಾ ಯಂತ್ರವೇ ಹಳತಾದೀತು. ದೀಪದ ಯಂತ್ರ ಓಡುವಾಗ ಕರೆಂಟ್ ಹೋದರೆ ಫ್ಯಾನ್ ನಿಂತು ಕಾದ ದೀಪಕ್ಕೆ ಧಕ್ಕೆಯಾಗುತ್ತದೆ. ಆದ್ದರಿಂದ ನಮ್ಮ ಊರುಗಳಲ್ಲಿ ಯು.ಪಿ.ಎಸ್. ವೆಚ್ಚವನ್ನೂ ಅಂದಾಜುಪಟ್ಟಿಯಲ್ಲಿ ಸೇರಿಸತಕ್ಕದ್ದು.

ಸಿ.ಆರ್.ಟಿ.ಗೆ ಇನ್ನೊಂದು ಅಡ್ಡಿ ಸಂಕೇತದ್ದು. ಅದು ಅನಲಾಗ್ ಯಂತ್ರ. ಬ್ಲೂ-ರೇ ಪರವಾನಗಿಯ ನಿಯಮಗಳಂತೆ 2010ರ ನಂತರ ತಯಾರಾದ ಪ್ಲೇಯರ್‌ಗಳು ಅನಲಾಗ್ ಮಾರ್ಗದಲ್ಲಿ ಹೈ-ಡೆಫಿನಿಷನ್ ಚಿತ್ರ ಕೊಡುವುದು ನಿಂತಿತು. 2013ರ ನಂತರ ತಯಾರಾದವುಗಳಲ್ಲಿ ಆ ಮಾರ್ಗವೇ ಇಲ್ಲವಾಯಿತು. ಎಚ್.ಡಿ.ಎಂ.ಐ. ಸಂಕೇತವನ್ನು ಪರಿವರ್ತಿಸುವ ಸಾಧನ ಬೇಕು, ನಕಲು-ತಡೆ ವ್ಯವಸ್ಥೆ ಅದನ್ನು ಒಪ್ಪಲೂ ಬೇಕು. ಹಳೆಯ ಡಿ.ವಿ.ಡಿ. ಮತ್ತು ಲೇಸರ್ ಡಿಸ್ಕ್‌ಗಳ ದೊಡ್ಡ ಸಂಗ್ರಹ ಇರುವವರಿಗೆ ಮಾತ್ರ ಈ ಕೊರತೆ ಕಾಡದು. ನಿಗದಿತ ಚುಕ್ಕಿಗಳಿಲ್ಲದ ಸಿ.ಆರ್.ಟಿ.ಯ ಮೇಲೆ ಆ ಹಳೆಯ ಚಿತ್ರಗಳು ಬಹಳ ಹಿತವಾಗಿ ಕಾಣುತ್ತವೆ ಎಂಬುದನ್ನು ಒಪ್ಪಲೇಬೇಕು.

ಡಿಜಿಟಲ್ ಯಂತ್ರಗಳೂ ನಿರ್ದೋಷಿಗಳೇನಲ್ಲ. ಒಂದೇ ಚಿಪ್ಪಿನ ಡಿ.ಎಲ್.ಪಿ. ಯಂತ್ರದಲ್ಲಿ ಬಣ್ಣಗಳು ಒಂದಾದ ಮೇಲೊಂದರಂತೆ ಬರುವುದರಿಂದ ಕೆಲವರ ಕಣ್ಣಿಗೆ ಕಾಮನಬಿಲ್ಲಿನಂತಹ ಎಳೆಗಳು ಮಿಂಚುತ್ತವೆ. ಮನೆಯ ಸದಸ್ಯರೆಲ್ಲರೂ ಅಂಗಡಿಗೆ ಬಂದು ನೋಡಿದ ನಂತರವೇ ಕೊಳ್ಳುವುದು ಲೇಸು. ಎಲ್.ಸಿ.ಡಿ. ಯಂತ್ರಗಳೊಳಗೆ ಧೂಳು ಸೇರಿದರೆ ಕಪ್ಪು ದೃಶ್ಯದಲ್ಲಿ ಮಚ್ಚೆ ಕಾಣುತ್ತದೆ, ಫಿಲ್ಟರ್ ಶುಚಿಗೊಳಿಸುತ್ತಿರಬೇಕು.

ವರ್ತಕರ ಹೊಣೆ

ಇಂದಿನ ಮಾರುಕಟ್ಟೆಯಲ್ಲಿ ನಿಜವಾದ ಅಪಾಯ ಸಂಖ್ಯೆಗಳದ್ದು. ಅಗ್ಗದ ಎಲ್.ಇ.ಡಿ. ಪ್ರೊಜೆಕ್ಟರುಗಳ ಪೆಟ್ಟಿಗೆಯ ಮೇಲೆ ಸಾವಿರಗಟ್ಟಲೆ ಲ್ಯೂಮೆನ್, ಹತ್ತು ಲಕ್ಷಕ್ಕೆ ಒಂದರ ಕಾಂಟ್ರಾಸ್ಟ್ ಎಂದೆಲ್ಲ ಮುದ್ರಿತವಾಗಿರುತ್ತದೆ. ಮೊದಲನೆಯದು ಅನೇಕ ವೇಳೆ ಆನ್ಸಿ ಅಥವಾ ಐ.ಎಸ್.ಒ. ವಿಧಾನದ ಅಳತೆಯಾಗಿರುವುದಿಲ್ಲ, ಎರಡನೆಯದು ದೀಪವನ್ನೋ ಮಸೂರದ ಕಿಂಡಿಯನ್ನೋ ದೃಶ್ಯಕ್ಕೆ ತಕ್ಕಂತೆ ಕುಗ್ಗಿಸಿ ಪಡೆದ ಅಂಕಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ದಾರಿತಪ್ಪಿಸುವ ಜಾಹೀರಾತನ್ನು ಸ್ಪಷ್ಟವಾಗಿ ವ್ಯಾಖ್ಯಾನಿಸಿದೆ. ದರಪಟ್ಟಿಯಲ್ಲಿ ಆನ್ಸಿ ಲ್ಯೂಮೆನ್, ಸ್ವಾಭಾವಿಕ ಕಾಂಟ್ರಾಸ್ಟ್, ದೀಪದ ವಾರಂಟಿಯ ಪ್ರತ್ಯೇಕ ಅವಧಿ, ಬದಲಿ ದೀಪದ ಅಂದಿನ ಬೆಲೆ ಇವನ್ನು ನಮೂದಿಸುವ ವರ್ತಕರು ಮುಂದಿನ ತಕರಾರುಗಳಿಂದ ಪಾರಾಗುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ಪ್ರೊಜೆಕ್ಟರುಗಳು ಜಿ.ಎಸ್.ಟಿ.ಯ ಶೇ. 28ರ ಹಂತದಿಂದ ಶೇ. 18ರ ಹಂತಕ್ಕೆ ಇಳಿದಿರುವುದರಿಂದ ಹಳೆಯ ದರಪಟ್ಟಿಗಳನ್ನೂ ಪರಿಷ್ಕರಿಸಿರಬೇಕು.

ಸಿ.ಆರ್.ಟಿ.ಯೇ ಬೇಕೆಂದು ಹಟ ಹಿಡಿಯುವ ಗ್ರಾಹಕರು ಕೆಲವರಿರುತ್ತಾರೆ. ಕತ್ತಲ ಕೊಠಡಿಯೂ ಕಲಿಯುವ ಆಸಕ್ತಿಯೂ ಇದ್ದಲ್ಲಿ ಅವರನ್ನು ನಿರುತ್ಸಾಹಗೊಳಿಸಬೇಕಿಲ್ಲ. ಅಪ್ಪಟ ಕಪ್ಪಷ್ಟೇ ಅವರ ಆಸೆಯಾಗಿದ್ದರೆ, ಪ್ರತಿ ಚುಕ್ಕಿಯನ್ನೂ ಪೂರ್ಣ ಆರಿಸಬಲ್ಲ ಓ.ಎಲ್.ಇ.ಡಿ. ಟೆಲಿವಿಷನ್ 77, 83 ಅಂಗುಲಗಳಲ್ಲಿಯೂ ದೊರೆಯುತ್ತದೆಂದು ತಿಳಿಸುವುದು ನ್ಯಾಯ. ಆದರೂ ಬೇಕೆಂದಲ್ಲಿ ಖರೀದಿಗೆ ಮುನ್ನ ಮೂರು ಟ್ಯೂಬ್‌ಗಳಿಗೂ ಒಂದೊಂದಾಗಿ ಪೂರ್ಣ ಬಣ್ಣದ ಚಿತ್ರ ಹಾಕಿಸಿ ಫಾಸ್ಫರ್ ಸವೆದಿದೆಯೇ ಎಂದು ಪರೀಕ್ಷಿಸಬೇಕು. ಹಿಂದೆ ನಾಲ್ಕಕ್ಕೆ ಮೂರರ ಚೌಕಟ್ಟಿನಲ್ಲಿ ಓಡಿದ ಯಂತ್ರದಲ್ಲಿ ಆ ಚೌಕಟ್ಟಿನ ಗುರುತು ಅಗಲಪರದೆಯ ಚಿತ್ರದ ಮೇಲೆ ಎದ್ದುಕಾಣುತ್ತದೆ. ಟ್ಯೂಬಿನ ಮುಂದಿನ ತಂಪುದ್ರವ ಮಬ್ಬಾಗಿದೆಯೇ, ಅದರಲ್ಲಿ ಬೂಷ್ಟು ಹಿಡಿದಿದೆಯೇ ಎಂಬುದನ್ನೂ ಮರೆಯದೆ ನೋಡಬೇಕು. ಗಂಟೆಗಳ ಮೀಟರನ್ನು ಪೂರ್ತಿ ನಂಬಲಾಗದು. ಮೂಲ ರಿಮೋಟ್ ಇಲ್ಲದ ಯಂತ್ರವನ್ನು ಮುಟ್ಟಬಾರದು, ಹೊಂದಾಣಿಕೆಯೆಲ್ಲ ಅದರಿಂದಲೇ ಆಗಬೇಕು. ವಿದೇಶದಿಂದ ತರಿಸುವ ಯೋಚನೆಯಿದ್ದರೆ, ಬಂಡವಾಳ ಸರಕಲ್ಲದ ಬಳಸಿದ ವಸ್ತುಗಳ ಆಮದು ನಮ್ಮ ವಿದೇಶ ವ್ಯಾಪಾರ ನೀತಿಯಲ್ಲಿ ನಿರ್ಬಂಧಿತ ವರ್ಗಕ್ಕೆ ಸೇರಿದೆ ಎಂಬುದನ್ನು ಮುಂಗಡ ಪಾವತಿಸುವ ಮೊದಲೇ ಗಮನಿಸತಕ್ಕದ್ದು.

ಕೆಟ್ಟುನಿಂತ ಯಂತ್ರವನ್ನು ಗುಜರಿಯವರಿಗೆ ಹಾಕುವಂತಿಲ್ಲ. ಟ್ಯೂಬಿನ ಗಾಜಿನಲ್ಲಿ ಸೀಸವಿರುತ್ತದೆ. ನಿರ್ವಾತವಿರುವ ಟ್ಯೂಬ್ ಒಡೆದರೆ ಚೂರುಗಳು ರಭಸದಿಂದ ಸಿಡಿಯುತ್ತವೆ. ಅಧಿಕೃತ ಇ-ತ್ಯಾಜ್ಯ ಸಂಸ್ಕರಣಾ ಘಟಕಕ್ಕೆ ಒಪ್ಪಿಸಿ ರಸೀದಿ ಪಡೆದು, ಸಾಗಣೆಯ ವೆಚ್ಚವನ್ನು ಯಂತ್ರ ಕೊಳ್ಳುವ ದಿನವೇ ಅಂದಾಜಿನಲ್ಲಿ ಬರೆದಿಟ್ಟುಕೊಳ್ಳುವುದು ಒಳಿತು.