ಬಿಚ್ಚುವ ಮುಂಚೆ ಪಿನ್ನು ಹುಡುಕು

ತಮ್ಮಾ, ಅಜ್ಜನ ಕಾಲದ ಅಂಬಾಸಿಡರನ್ನು ದೇವದುರ್ಗದ ಹಿತ್ತಲಿನಿಂದ ರಾಯಚೂರಿಗೆ ಎಳೆಸಿಕೊಂಡು ಬಂದಿದ್ದೀಯಂತೆ. ಒಳ್ಳೆಯದಾಯಿತು. ಎಂಜಿನ್ ಕೆಲಸ ಮಾನ್ವಿಯ ಮಿಸ್ತ್ರಿಗೆ ಒಪ್ಪಿಸಿ, ಬಾಗಿಲುಗಳನ್ನು ನೀನೇ ಬಿಚ್ಚುತ್ತೀ ಎಂದೂ ಗೊತ್ತಾಯಿತು. ಅದೂ ಒಳ್ಳೆಯದೇ. ಆದರೆ ಒಳಗಿನ ಹ್ಯಾಂಡಲ್ ಜಪ್ಪಯ್ಯ ಅಂದರೂ ಬರುತ್ತಿಲ್ಲವೆಂದು ದೊಡ್ಡ ಸ್ಕ್ರೂ ಡ್ರೈವರ್ ತೂರಿಸಿ ಮೀಟಲು ಹೊರಟಿದ್ದೀಯಲ್ಲ, ಅದನ್ನು ಮೊದಲು ಕೆಳಗಿಡು.

ಕೈಗೆ ಬಾರದ ಹ್ಯಾಂಡಲ್‌ಗಳಲ್ಲಿ ಹೆಚ್ಚಿನವು ತುಕ್ಕು ಹಿಡಿದು ಕೂತಿರುವುದಿಲ್ಲ. ಅವನ್ನು ಹಿಡಿದಿಟ್ಟ ಪಿನ್ನೋ ಕ್ಲಿಪ್ಪೋ ಇನ್ನೂ ತನ್ನ ಕೆಲಸ ಮಾಡುತ್ತಿರುತ್ತದೆ, ಅಷ್ಟೆ. ಅದನ್ನು ತೆಗೆಯದೆ ಮೀಟಿದರೆ ಹ್ಯಾಂಡಲ್ ಬರುವುದಿಲ್ಲ, ಮುರಿಯುತ್ತದೆ. ಮಿಂಚುವ ಕ್ರೋಮ್ ನೋಡಿ ಉಕ್ಕು ಎಂದುಕೊಳ್ಳಬೇಡ. ಅದರ ಒಳಗಿರುವುದು ಹೆಚ್ಚಾಗಿ ಸತುವಿನ ಎರಕ, ಮಿಸ್ತ್ರಿಗಳ ಬಾಯಲ್ಲಿ ಮಜಾಕ್. ಅದು ಬಾಗುವ ಜಾತಿಯಲ್ಲ. ಒಂದೇ ಕಡೆಯಿಂದ ಎತ್ತಿದರೆ ಕೊರಳ ಹತ್ತಿರ ಟಪ್ಪೆಂದು ತುಂಡಾಗುತ್ತದೆ. ಉತ್ತರಪಾರಾದ ಕಾರ್ಖಾನೆಯಲ್ಲಿ 2014ರ ಮೇ ತಿಂಗಳಿಗೇ ಅಂಬಾಸಿಡರ್ ತಯಾರಿಕೆ ನಿಂತಿತು. ಮುರಿದದ್ದಕ್ಕೆ ಜೋಡಿ ಬೇಕೆಂದರೆ ಹೈದರಾಬಾದಿನ ಗುಜರಿ, ಬೆಂಗಳೂರಿನ ಶಿವಾಜಿನಗರ, ಕೊನೆಗೆ ಕೋಲ್ಕತ್ತಾದ ಮಲ್ಲಿಕ್ ಬಜಾರ್ ಎಂದು ಅಲೆಯಬೇಕು.

ಹಳೆಯ ಕಾರುಗಳಲ್ಲಿ ಹ್ಯಾಂಡಲ್ ಕೂಡಿಸುವ ಪದ್ಧತಿ ಮುಖ್ಯವಾಗಿ ಮೂರು: ಎದುರಿಗೇ ಕಾಣುವ ಅಥವಾ ಪ್ಲಾಸ್ಟಿಕ್ ಮುಚ್ಚಳದ ಕೆಳಗಿನ ಸ್ಕ್ರೂ, ಕೊರಳಿಗೆ ಅಡ್ಡ ಹಾಯಿಸಿದ ಪಿನ್ನು, ಹಿಂಬದಿಯ ತೋಡಿನಲ್ಲಿ ಕೂರುವ ಲಾಳದ ಆಕಾರದ ಸ್ಪ್ರಿಂಗ್ ಕ್ಲಿಪ್ಪು. ನಮ್ಮ ಅಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಸಂತಾನ. ಆ ಕಾಲದ ಮಾರಿಸ್ ಮನೆತನದಲ್ಲಿ ಅಡ್ಡ ಪಿನ್ನಿನ ಪದ್ಧತಿ ಹೆಚ್ಚು. ಹಾಗೆಂದು ಕಣ್ಣು ಮುಚ್ಚಿ ನಂಬಬೇಡ. ಇಷ್ಟು ವರ್ಷಗಳಲ್ಲಿ ಎಷ್ಟು ಗ್ಯಾರೇಜು ಕಂಡಿದೆಯೋ, ಯಾವ ಬಾಗಿಲಿಗೆ ಯಾವ ಗಾಡಿಯ ಹ್ಯಾಂಡಲ್ ಹಾಕಿದ್ದಾರೋ. ನಾಲ್ಕು ಬಾಗಿಲನ್ನೂ ಬೇರೆ ಬೇರೆಯಾಗಿಯೇ ನೋಡು.

ನೋಡುವುದು ಹೇಗೆ? ಕೆಲಸ ಮಾಡುವ ಬಾಗಿಲನ್ನು ತೆರೆದೇ ಇಡು. ಮುಚ್ಚಿದ ಬಾಗಿಲಿನ ಒಳ ಹ್ಯಾಂಡಲ್ ಕಿತ್ತು, ಆಮೇಲೆ ಹೊರಗಿನದೂ ಕೈಕೊಟ್ಟರೆ ಪೇಚಾಟ. ಗ್ಲಾಸ್ ಪೂರ್ತಿ ಏರಿಸಿ, ಹ್ಯಾಂಡಲ್ ಯಾವ ದಿಕ್ಕಿಗೆ ನಿಂತಿದೆಯೆಂದು ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೋ. ಈಗ ಹ್ಯಾಂಡಲ್ ಬುಡದಲ್ಲಿರುವ ದುಂಡನೆಯ ಬಟ್ಟಲನ್ನು ಎರಡೂ ಹೆಬ್ಬೆರಳಿನಿಂದ ಡೋರ್ ಪ್ಯಾಡಿನ ಕಡೆಗೆ ಒತ್ತು. ಪ್ಯಾಡಿನ ಹಿಂದೆ ಸ್ಪ್ರಿಂಗ್ ಇರುವುದರಿಂದ ಅದು ಒಂದಿಷ್ಟು ಒಳಕ್ಕೆ ಹೋಗುತ್ತದೆ. ಆ ಸಂದಿಗೆ ಟಾರ್ಚ್ ಹಿಡಿ. ಕೊರಳ ಮೇಲೆ ಒಂದು ಕಪ್ಪು ಚುಕ್ಕೆ ಕಂಡರೆ ಅದೇ ಪಿನ್ನಿನ ತುದಿ. ಚುಕ್ಕೆ ಕಾಣಲಿಲ್ಲ, ತಂತಿಯ ಎರಡು ತುದಿ ಇಣುಕುತ್ತಿವೆ ಅಂದರೆ ಕ್ಲಿಪ್ಪು. ಜಿಡ್ಡು ಧೂಳು ಕೂಡಿ ಏನೂ ಕಾಣದಿದ್ದರೆ ಸೀಮೆಎಣ್ಣೆಯಲ್ಲಿ ಅದ್ದಿದ ಹಳೆ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ಮತ್ತೆ ನೋಡು.

ಪಿನ್ನು ಇದ್ದರೆ ಹ್ಯಾಂಡಲ್ ತಿರುಗಿಸಿ ಪಿನ್ನಿನ ಒಂದು ತುದಿ ಮೇಲೆ, ಒಂದು ಕೆಳಗೆ ಬರುವಂತೆ ಮಾಡಿಕೋ. ಚೂಪು ಮೊಳೆಯ ತುದಿಯನ್ನು ಅರದಿಂದ ಉಜ್ಜಿ ಚಪ್ಪಟೆ ಮಾಡಿದರೆ ಅದೇ ಪಂಚ್. ಚೂಪಾಗಿಯೇ ಬಿಟ್ಟರೆ ಪಿನ್ನಿನ ತಲೆ ಅರಳಿ ಇನ್ನಷ್ಟು ಬಿಗಿಯುತ್ತದೆ. ಒಬ್ಬರು ಬಟ್ಟಲನ್ನು ಒಳಕ್ಕೆ ಒತ್ತಿ ಹಿಡಿಯಲಿ, ಕೊರಳ ಕೆಳಗೆ ಗಟ್ಟಿ ಮರದ ತುಂಡು ಆನಿಸಲಿ. ನೀನು ಸಣ್ಣ ಸುತ್ತಿಗೆಯಿಂದ ಹಗುರಾಗಿ ತಟ್ಟು. ಮರ ಇಡದೆ ಹೊಡೆದರೆ ಆ ಪೆಟ್ಟೆಲ್ಲ ಒಳಗಿನ ಗ್ಲಾಸ್ ಮಷೀನಿನ ಮೇಲೆ ಬೀಳುತ್ತದೆ. ಅಲುಗದಿದ್ದರೆ ಇನ್ನೊಂದು ಕಡೆಯಿಂದ ತಟ್ಟು. ಕೆಲವು ಪಿನ್ನುಗಳು ಒಂದು ತುದಿಯಲ್ಲಿ ದಪ್ಪ, ಒಂದೇ ದಿಕ್ಕಿಗೆ ಬರುತ್ತವೆ. ಬಿದ್ದ ಪಿನ್ನು ಉರುಳಿ ಹೋಗದಂತೆ ಕೆಳಗೆ ಬಟ್ಟೆ ಹಾಸಿರಲಿ.

ಕ್ಲಿಪ್ಪು ಇದ್ದರೆ ಹೊಡೆತದ ಕೆಲಸವೇ ಇಲ್ಲ. ಅದಕ್ಕೆಂದೇ ಸೀಳುಬಾಯಿಯ ಚಪ್ಪಟೆ ಟೂಲ್ ಸಿಗುತ್ತದೆ. ಸಿಗದಿದ್ದರೂ ಚಿಂತೆಯಿಲ್ಲ, ಹತ್ತಿ ಮಾರುಕಟ್ಟೆಯ ಊರಲ್ಲಿದ್ದೀಯೆ. ಹಳೆ ಪಂಚೆಯಿಂದ ಎರಡು ಬೆರಳಗಲದ ಪಟ್ಟಿ ಹರಿದುಕೋ. ಅದನ್ನು ಹ್ಯಾಂಡಲ್ ಮತ್ತು ಬಟ್ಟಲಿನ ನಡುವೆ ತೂರಿಸಿ, ಬೂಟಿಗೆ ಪಾಲಿಶ್ ಹೊಡೆಯುವ ಹುಡುಗನ ಹಾಗೆ ಎಡಕ್ಕೂ ಬಲಕ್ಕೂ ಎಳೆಯುತ್ತಾ ಹೋಗು. ಬಟ್ಟೆಯ ಎಳೆ ಕ್ಲಿಪ್ಪಿನ ತುದಿಗೆ ಸಿಕ್ಕಿ ಅದನ್ನು ಹೊರಗೆ ತರುತ್ತದೆ. ಅದು ಚಿಮ್ಮಿ ಬರುತ್ತದೆ ಎಂಬುದು ನೆನಪಿರಲಿ. ಕಣ್ಣಿಗೆ ಕನ್ನಡಕ ಇರಲಿ, ಮುಖ ಬದಿಗಿರಲಿ.

ಇನ್ನು ನಿಜವಾಗಿಯೂ ತುಕ್ಕು ಹಿಡಿದು ಕೂತವುಗಳ ಮಾತು. ನಮ್ಮ ಕಡೆ ಇದಕ್ಕೆ ಕಾರಣ ಬಾಗಿಲಿನ ತಳದಲ್ಲಿದೆ. ಬಿಸಿಲಿಗೆ ಗ್ಲಾಸಿನ ರಬ್ಬರ್ ಬಿರಿಯುತ್ತದೆ, ಮಳೆ ನೀರು ಅಲ್ಲಿಂದ ಒಳಗಿಳಿಯುತ್ತದೆ. ಅದು ಹೊರಗೆ ಹೋಗಲೆಂದು ಬಾಗಿಲಿನ ಕೆಳ ಅಂಚಿನಲ್ಲಿ ಸಣ್ಣ ತೂತುಗಳಿರುತ್ತವೆ. ದೇವದುರ್ಗದ ದಾರಿಯ ಎರೆಮಣ್ಣಿನ ಧೂಳು, ಮಾನ್ವಿಯ ಕಾಲುವೆ ಬದಿಯ ಕೆಸರು ಅದೇ ತೂತುಗಳಲ್ಲಿ ಮೆತ್ತಿ ಗಟ್ಟಿಯಾಗುತ್ತದೆ. ನೀರು ಒಳಗೇ ನಿಲ್ಲುತ್ತದೆ, ಹ್ಯಾಂಡಲ್ ಕೂರುವ ಉಕ್ಕಿನ ದಂಡ ತುಕ್ಕಾಗುತ್ತದೆ, ಅದರ ಸುತ್ತಲಿನ ಸತುವು ಬಿಳಿ ಪುಡಿ ಕಟ್ಟಿ ಎರಡೂ ಒಂದಾಗುತ್ತವೆ. ಪಿನ್ನು ತೆಗೆದ ಮೇಲೂ ಹ್ಯಾಂಡಲ್ ಜಗ್ಗದಿದ್ದರೆ ಇದೇ ಕಥೆ.

ಅದಕ್ಕೆ ಗ್ಯಾಸ್ ಟಾರ್ಚ್ ಹಿಡಿಯುವ ಯೋಚನೆ ಬೇಡ. ಸುಮಾರು 385 ಡಿಗ್ರಿಗೆ ಮಜಾಕ್ ಕರಗುತ್ತದೆ, ರೆಕ್ಸಿನ್ನು ಅದಕ್ಕೂ ಮುಂಚೆಯೇ ಹೊತ್ತಿಕೊಳ್ಳುತ್ತದೆ. ನಮ್ಮೂರಿನ ಬಿಸಿಲನ್ನೇ ದುಡಿಸಿಕೋ. ಕಾಯಿಸಿದಾಗ ಸತುವು ಉಕ್ಕಿಗಿಂತ ಎರಡು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಸಂಜೆ ತುಕ್ಕು ಬಿಡಿಸುವ ಎಣ್ಣೆಯ ಎರಡು ಹನಿ ಹಾಕು. ಪ್ಯಾಡಿಗೆ ಕಲೆಯಾಗದಂತೆ ಸೀಳಿದ ಪ್ಲಾಸ್ಟಿಕ್ ಹಾಳೆಯನ್ನು ಬುಡಕ್ಕೆ ಸೇರಿಸಿರು. ಮರುದಿನ ಬಾಗಿಲು ತೆರೆದು ಹ್ಯಾಂಡಲ್ ಬಿಸಿಲಿಗೆ ಕಾಯಲು ಬಿಡು, ಇಳಿಹೊತ್ತಿಗೆ ಆರಲಿ, ಮತ್ತೆ ಎಣ್ಣೆ ಹಾಕು. ಒಮ್ಮೆ ಹಿಗ್ಗಿ ಒಮ್ಮೆ ಕುಗ್ಗಿದಾಗ ಆಗುವ ಸಂದು ಕೂದಲೆಳೆಗಿಂತ ಸಣ್ಣದು, ಆದರೂ ಎಣ್ಣೆ ಇಳಿಯಲು ಅಷ್ಟು ಸಾಕು. ಮೂರು ನಾಲ್ಕು ದಿನ ಹೀಗೆ ನಡೆಯಲಿ. ಆಮೇಲೆ ಎರಡೂ ಪಕ್ಕದಲ್ಲಿ ಮರದ ಬೆಣೆ ಇಟ್ಟು ಸಮನಾಗಿ ಎತ್ತು, ನಡುನಡುವೆ ಹ್ಯಾಂಡಲನ್ನು ಸ್ವಲ್ಪ ಅಲುಗಿಸು. ಬೆಣೆ ಪ್ಯಾಡಿಗೆ ತಾಗುವ ಕಡೆ ತೆಳ್ಳನೆಯ ತಗಡು ಇರಲಿ. ಚಳಿಗಾಲವಾದರೆ ಬಿಸಿನೀರಲ್ಲಿ ಹಿಂಡಿದ ಬಟ್ಟೆ ಸುತ್ತು.

ಕೆಲವೊಮ್ಮೆ ಪಿನ್ನಿನ ತೂತಿನಲ್ಲಿ ಪಿನ್ನಿನ ಬದಲು ಮೊಳೆಯೊಂದು ಸಿಗುತ್ತದೆ, ಎರಡೂ ತುದಿ ಮಡಚಿ ಬಡಿದಿರುತ್ತಾರೆ. ಇದನ್ನು ಎಷ್ಟು ತಟ್ಟಿದರೂ ಬಾರದು. ಮಡಚಿದ ತಲೆಯನ್ನು ಕಟರ್‌ನಿಂದ ಕತ್ತರಿಸಿ, ಉಳಿದದ್ದನ್ನು ಪಂಚ್‌ನಿಂದ ಇಳಿಸಬೇಕು. ನಿನಗಿಂತ ಮುಂಚೆ ಕೂಡಿಸಿದವನು ಅಂದಿನ ಕೆಲಸ ಮುಗಿದರೆ ಸಾಕೆಂದ. ಇನ್ನೊಬ್ಬ ಬಿಚ್ಚಬೇಕಾದೀತು ಎಂಬ ಯೋಚನೆ ಅವನಿಗೆ ಬರಲಿಲ್ಲ. ನೀನು ಈಗ ಪಡುತ್ತಿರುವ ಪಾಡಿನಲ್ಲಿ ಅರ್ಧ ಅವನು ಬಿಟ್ಟುಹೋದದ್ದು. ನನ್ನ ಕಿವಿಮಾತೆಲ್ಲ ಇದೊಂದೇ: ಬಿಚ್ಚುವುದಕ್ಕಿಂತ ಕೂಡಿಸುವಾಗ ಹೆಚ್ಚು ಎಚ್ಚರ ಇರಬೇಕು.

ಆದ್ದರಿಂದ ದಂಡವನ್ನು ಉಜ್ಜಿ ತುಕ್ಕು ತೆಗೆ, ಹ್ಯಾಂಡಲಿನ ತೂತಿನ ಬಿಳಿ ಪುಡಿ ಕೆರೆ. ಗ್ರೀಸ್ ತೆಳ್ಳಗಿರಲಿ, ಹೆಚ್ಚು ಮೆತ್ತಿದರೆ ನಮ್ಮ ಧೂಳು ಅದಕ್ಕೆ ಅಂಟಿ ಮರಳು ಕಾಗದವಾಗುತ್ತದೆ. ಬಾಗಿಲಿನ ತಳದ ತೂತುಗಳಿಗೆ ತಂತಿ ಆಡಿಸಿ, ಒಂದು ಚೊಂಬು ನೀರು ಹಾಕಿ ಹರಿಯುತ್ತದೆಯೇ ನೋಡು. ಪ್ಯಾಡಿನ ಹಿಂದಿನ ಸ್ಪ್ರಿಂಗ್ ಮರೆಯಬೇಡ. ತೂತಿಗೆ ಸರಿಹೊಂದುವ ಹೊಸ ಪಿನ್ನು ಲೇತ್ ಅಂಗಡಿಯಲ್ಲಿ ಮಾಡಿಸು, ಅದೇನು ದೊಡ್ಡ ಖರ್ಚಲ್ಲ. ನಾಲ್ಕು ಹೆಚ್ಚಿಗೆ ಮಾಡಿಸಿ ಡಬ್ಬಿಯಲ್ಲಿ ಹಾಕಿ, ಮೇಲೆ ಬರೆದು ಡಿಕ್ಕಿಯಲ್ಲಿಡು.

ಇನ್ನೊಂದು ಲೆಕ್ಕಾಚಾರವೂ ಇದೆ. 2021ರ ಕೇಂದ್ರ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಕಾರನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಅಜ್ಜನ ಗಾಡಿಯ ಆರ್‌ಸಿ ತೆಗೆದು ಇಸವಿ ನೋಡು. ಆ ದಾರಿಗೆ ಹೋಗುವುದಾದರೆ ಇಂಥ ಮೂಲ ಹ್ಯಾಂಡಲ್‌ಗಳಿಗೇ ಬೆಲೆ. ಹೋಗದಿದ್ದರೂ ಚಿಂತೆಯಿಲ್ಲ. ಇನ್ನಿಪ್ಪತ್ತು ವರ್ಷ ಕಳೆದು ಈ ಬಾಗಿಲು ಬಿಚ್ಚುವವನು ಯಾರೇ ಆಗಲಿ, ಒಂದು ಪಂಚು, ಎರಡು ಪೆಟ್ಟಿನಲ್ಲಿ ಅವನ ಕೆಲಸ ಮುಗಿಯಬೇಕು. ಹಾಗೆ ಕೂಡಿಸು.