ಮಗ್ರಿಬ್ ಆದ ಮೇಲೆ ಆಕಾಶ ನೋಡಿ

ನಮ್ಮ ಮನೆಯಲ್ಲಿ ಇದಕ್ಕೆ ಚಮಗಾದಡ್ ಎನ್ನುತ್ತಾರೆ. ಗಡಿ ಭಾಗವಾದ್ದರಿಂದ ಓಣಿಯ ಮರಾಠಿ ಮನೆಗಳಲ್ಲಿ ವಟವಾಘೂಳ, ಹೊಲಕ್ಕೆ ಹೋಗುವ ಹಿರಿಯರ ಬಾಯಲ್ಲಿ ತೊಗಲಬಾವಲಿ, ಪುಸ್ತಕದಲ್ಲಿ ಬಾವಲಿ. ವಟ ಎಂದರೆ ಆಲದ ಮರ. ದೊಡ್ಡ ಬಾವಲಿಗಳನ್ನು ಎಲ್ಲಿ ಹುಡುಕಬೇಕು ಎಂಬುದನ್ನು ಆ ಮರಾಠಿ ಹೆಸರೇ ಹೇಳಿಬಿಡುತ್ತದೆ. ಆದರೆ ಬಾವಲಿ ಅಂದರೆ ಒಂದೇ ಪ್ರಾಣಿ ಅಂತ ತಿಳಿಯಬೇಡಿ. ನಮ್ಮ ದಿಗ್ಗೇವಾಡಿಯಲ್ಲಿ ಒಂದೇ ಸಂಜೆ ಮೂರು ಬಗೆಯವನ್ನು ಬರಿಗಣ್ಣಿನಿಂದ ಗುರುತಿಸಬಹುದು. ದುರ್ಬೀನು ಬೇಡ, ಕಾಡಿಗೆ ಹೋಗುವುದೂ ಬೇಡ.

ಮೊದಲು ಹೊರಡುವವು ಚಿಕ್ಕವು. ಮಗ್ರಿಬ್ ಅಜಾನ್ ಆಗಿ ಬೀದಿದೀಪ ಹತ್ತುವ ಹೊತ್ತಿಗೆ ಕಂಬದ ಸುತ್ತ ಸುಳಿದಾಡುವ ಇವಕ್ಕೆ ಪಿಪಿಸ್ಟ್ರೆಲ್ ಎಂದು ಹೆಸರು. ಹತ್ತು ಗ್ರಾಂ ಕೂಡ ತೂಗುವುದಿಲ್ಲ. ಹೆಂಚಿನ ಸಂದು, ಗೋಡೆಯ ಬಿರುಕು ಇವುಗಳ ಮನೆ. ಆ ಹೊತ್ತಿನಲ್ಲಿ ಕೆಲವು ಹಕ್ಕಿಗಳೂ ಹಾರುತ್ತಿರುತ್ತವೆ, ಆದ್ದರಿಂದ ಹಾರಾಟ ನೋಡಿ. ಹಕ್ಕಿ ರೆಕ್ಕೆ ಚಾಚಿ ಸ್ವಲ್ಪ ದೂರ ತೇಲುತ್ತದೆ. ಬಾವಲಿ ತೇಲುವುದು ಕಡಿಮೆ, ಗಾಳಿ ಸಿಕ್ಕ ಗಾಳಿಪಟದಂತೆ ಥಟ್ಟನೆ ತಿರುಗುತ್ತದೆ. ಹಾಗೆ ತಿರುಗಿದಾಗಲೆಲ್ಲ ಬಹುಶಃ ಒಂದು ಹುಳದ ಕತೆ ಮುಗಿದಿರುತ್ತದೆ. ಅದು ಕೂಗುತ್ತಲೇ ಹಾರುತ್ತದೆ, ಹುಳಕ್ಕೆ ಬಡಿದು ಮರಳುವ ದನಿಯಿಂದ ದಾರಿ ಮತ್ತು ಊಟ ಎರಡನ್ನೂ ಕಂಡುಕೊಳ್ಳುತ್ತದೆ. ನಮ್ಮ ಕಿವಿಗೆ ಕೇಳುವುದು ಹೆಚ್ಚೆಂದರೆ 20,000 ಹರ್ಟ್ಸ್‌ವರೆಗೆ. ಇವುಗಳ ಕೂಗು ಅದಕ್ಕಿಂತ ಮೇಲಿನದು.

ಎರಡನೆಯದು ಚಿಕ್ಕ ಮೂತಿಯ ಹಣ್ಣು ಬಾವಲಿ. ಇದನ್ನು ಬೆಳಿಗ್ಗೆ ನೆಲದ ಮೇಲೆ ಹುಡುಕಬೇಕು! ಪೇರಲ ಅಥವಾ ಬಾದಾಮಿ ಗಿಡದ ಕೆಳಗೆ ನಾರು ನಾರಾದ, ಹಿಂಡಿ ಬಿಸಾಡಿದಂಥ ಉಂಡೆ ಬಿದ್ದಿದ್ದರೆ ರಾತ್ರಿ ಇವು ಬಂದಿದ್ದವು ಎಂದರ್ಥ. ರಸ ಹೀರಿ ಸಿಪ್ಪೆ ಉಗಿಯುವುದು ಇವುಗಳ ರೂಢಿ. ಹಣ್ಣನ್ನು ಗಿಡದಲ್ಲೇ ಕೂತು ತಿನ್ನದೆ ಬೇರೆ ಮರಕ್ಕೆ ಒಯ್ಯುವುದರಿಂದ ಬೀಜಗಳು ಅಲ್ಲಲ್ಲಿ ಬೀಳುತ್ತವೆ. ಯಾರೂ ನೆಡದ ಜಾಗದಲ್ಲಿ ಪೇರಲ ಗಿಡ ಹುಟ್ಟಿದ್ದರೆ ಇವುಗಳ ಮೇಲೂ ಅನುಮಾನ ಪಡಬಹುದು.

ಮೂರನೆಯದು ಎಲ್ಲರಿಗೂ ಗೊತ್ತಿರುವ ದೊಡ್ಡ ಬಾವಲಿ. ರೆಕ್ಕೆ ಬಿಚ್ಚಿದರೆ ನಾಲ್ಕು ಅಡಿ, ತೂಕ ಒಂದು ಕಿಲೋ ದಾಟುವುದುಂಟು. ಇದು ಕೂಗಿನಿಂದ ದಾರಿ ಹುಡುಕುವುದಿಲ್ಲ. ದೊಡ್ಡ ಕಣ್ಣು ಮತ್ತು ಮೂಗನ್ನು ನಂಬಿ ಹಾರುತ್ತದೆ. ಬಾವಲಿಗೆ ಕಣ್ಣಿಲ್ಲ ಎಂಬ ಮಾತು ಇಲ್ಲಿಗೆ ಬಿತ್ತು. ಬೇಸಿಗೆಯಲ್ಲಿ ಕೃಷ್ಣಾ ಹೊಳೆಯ ದಂಡೆಗೆ ಹೋದರೆ ಇನ್ನೂ ಒಂದು ಚಂದ ಕಾಣಬಹುದು. ಹಾರುತ್ತಲೇ ಹೊಟ್ಟೆಯನ್ನು ನೀರಿಗೆ ತಾಗಿಸಿ ಮೇಲೇಳುತ್ತವೆ, ಆಮೇಲೆ ಮರದಲ್ಲಿ ಕೂತು ಒದ್ದೆ ಕೂದಲನ್ನು ನೆಕ್ಕಿ ನೀರು ಕುಡಿಯುತ್ತವೆ.

ಎಣಿಸುವುದಾದರೆ ಹಗಲು ಮರದ ಕೆಳಗೆ ಹೋಗಿ ಗದ್ದಲ ಮಾಡಬೇಡಿ. ಸಂಜೆ ಮರದಿಂದ ದೂರ, ಪಡುವಣ ಆಕಾಶದ ಬೆಳಕು ಮರದ ಹಿಂದೆ ಬರುವಂತೆ ನಿಲ್ಲಿ. ಇಬ್ಬರಿದ್ದರೆ ಒಳ್ಳೆಯದು, ಒಬ್ಬರು ಹತ್ತರ ಲೆಕ್ಕದಲ್ಲಿ ಎಣಿಸಿದರೆ ಇನ್ನೊಬ್ಬರು ಗೆರೆ ಹಾಕಬೇಕು. ಮೊಬೈಲ್ ಫ್ಲ್ಯಾಶ್ ಬೇಡವೇ ಬೇಡ.

ಎಣಿಕೆ ಯಾಕೆ ಬೇಕು ಎಂಬುದಕ್ಕೆ ವಾಣಿಜ್ಯ ವಿದ್ಯಾರ್ಥಿಯಾಗಿ ನನ್ನ ಉತ್ತರ ಹೇಳುತ್ತೇನೆ. ದೊಡ್ಡ ಬಾವಲಿ ವರ್ಷಕ್ಕೆ ಒಂದೇ ಮರಿ ಹಾಕುತ್ತದೆ. ಒಂದು ಮರದಲ್ಲಿ ನೂರು ಇದ್ದು ಅರ್ಧ ಹೆಣ್ಣು ಎಂದುಕೊಳ್ಳಿ. ಎಲ್ಲವೂ ಮರಿ ಹಾಕಿ ಎಲ್ಲವೂ ಬದುಕಿದರೂ ವರ್ಷಕ್ಕೆ 50 ಮಾತ್ರ, ಅಷ್ಟೂ ಬದುಕುವುದಂತೂ ಇಲ್ಲ. ಒಂದು ದಿನ 60 ಸತ್ತರೆ ಆ ಖಾತೆ ಎಷ್ಟು ವರ್ಷಕ್ಕೆ ಸರಿದೂಗೀತು? ಇಲಿಯ ಹಾಗಲ್ಲ ಇದು. ಇಲ್ಲಿ ಖರ್ಚಾಗುವುದು ಬಡ್ಡಿಯಲ್ಲ, ಅಸಲು. ಅಥಣಿ ಕಡೆಯ ದ್ರಾಕ್ಷಿ ತೋಟದವರಿಗೆ ಬಾವಲಿಯಿಂದ ನಷ್ಟವಾಗುವುದು ಸುಳ್ಳಲ್ಲ, ಅದನ್ನು ಖಾತೆಯ ಇನ್ನೊಂದು ಕಡೆ ಬರೆಯಲೇಬೇಕು. ಅದಕ್ಕೆ ಬಲೆ ಹೊದಿಸುವುದು ಉಪಾಯ.

ಕೇರಳದ ಕೋಝಿಕ್ಕೋಡ್‌ನಲ್ಲಿ 2018ರಲ್ಲಿ ನಿಪಾ ಬಂದ ಮೇಲೆ ಅನೇಕ ಊರುಗಳಲ್ಲಿ, ನಮ್ಮಲ್ಲೂ, ಪಟಾಕಿ ಹೊಡೆದು ಓಡಿಸೋಣ, ಮರವನ್ನೇ ಕಡಿಯೋಣ ಎಂಬ ಮಾತು ಆಗಾಗ ಏಳುತ್ತದೆ. ನಿಪಾ ವೈರಾಣುವಿಗೆ ಹಣ್ಣು ತಿನ್ನುವ ಬಾವಲಿಗಳೇ ಆಸರೆ ಎಂಬುದು ನಿಜ. ಹಾಗಾಗಿ ಕಚ್ಚಿದ ಹಣ್ಣು ತಿನ್ನಬಾರದು, ಬಿದ್ದ ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬಾರದು, ಅದು ಕಚ್ಚಿದರೆ ಕೂಡಲೇ ಸಾಬೂನಿನಿಂದ ತೊಳೆದು ಆಸ್ಪತ್ರೆಗೆ ಹೋಗಬೇಕು. ಆದರೆ ಓಡಿಸಿದ ಬಾವಲಿ ಮಾಯವಾಗುವುದಿಲ್ಲ, ಪಕ್ಕದ ಊರಿನ ಮರಕ್ಕೆ ಹೋಗುತ್ತದೆ. ನಮ್ಮ ಭಯವನ್ನು ಅವರಿಗೆ ದಾಟಿಸಿದಂತಾಯಿತು, ಅಷ್ಟೇ. ಬೇಸಿಗೆಯಲ್ಲಿ ಓಡಿಸಿದರೆ ತಾಯಿಯ ಎದೆಗೆ ಅಂಟಿಕೊಂಡ ಮರಿಗಳು ಕೆಳಗೆ ಬೀಳುತ್ತವೆ, ಆಗ ಅವನ್ನು ಎತ್ತಲು ಬರುವವರು ಚಿಕ್ಕ ಮಕ್ಕಳೇ.

ಕಾನೂನು ಕೂಡ ಇವನ್ನು ಬಹಳ ಕಾಲ ಕಡೆಗಣಿಸಿತ್ತು. 1972ರ ವನ್ಯಜೀವಿ ಕಾಯ್ದೆ ಹಣ್ಣು ಬಾವಲಿಗಳನ್ನು ಇಲಿ ಮತ್ತು ಕಾಗೆಗಳ ಸಾಲಿನಲ್ಲಿ, ಐದನೆಯ ಅನುಸೂಚಿಯಲ್ಲಿ ಇಟ್ಟಿತ್ತು. 2022ರ ತಿದ್ದುಪಡಿಯಲ್ಲಿ ಆ ಸಾಲೇ ಹೋಯಿತು. ಅದಕ್ಕೂ ಮೊದಲೇ ಮೊದಲನೆಯ ಅನುಸೂಚಿಯ ಪೂರ್ಣ ರಕ್ಷಣೆ ಸಿಕ್ಕಿದ್ದು ಎರಡೇ ಬಾವಲಿಗಳಿಗೆ. ಒಂದು, ಪಕ್ಷಿತಜ್ಞ ಸಾಲಿಂ ಅಲಿ ಅವರ ಹೆಸರಿನದು. 1948ರಲ್ಲಿ ತಮಿಳುನಾಡಿನ ಬೆಟ್ಟಗಳಲ್ಲಿ ಸಿಕ್ಕ ಅದನ್ನು ಚಿಕ್ಕ ಮೂತಿಯ ಬಾವಲಿ ಎಂದೇ ಬರೆದು ಮುಂಬಯಿಯ ಸಂಗ್ರಹದಲ್ಲಿ ಇಟ್ಟಿದ್ದರು. 1972ರಲ್ಲಿ ಥಾಯ್ಲೆಂಡಿನ ಕಿಟ್ಟಿ ಥಾಂಗ್‌ಲಾಂಗ್ಯಾ ಹಲ್ಲು, ತಲೆಬುರುಡೆ ನೋಡಿ ಇದು ಬೇರೆಯದೇ ಎಂದು ಕಂಡುಹಿಡಿದರು.

ಇನ್ನೊಂದು ನಮ್ಮ ಬೆಳಗಾವಿ ಜಿಲ್ಲೆಯದೇ. ಖಾನಾಪುರ ತಾಲೂಕಿನ ತಳೇವಾಡಿ ಬಳಿಯ ಬಾರಾಪೇಡೆ ಗುಹೆಗಳಲ್ಲಿರುವ ರಾಟನ್ ಬಾವಲಿ. 1913ರಲ್ಲಿ ಆಲ್ಡ್‌ಫೀಲ್ಡ್ ಥಾಮಸ್ ಅದಕ್ಕೆ ಹೆಸರಿಟ್ಟರು. ಹಣೆಯ ಮೇಲೆ ಕೂಡಿಕೊಂಡ ದೊಡ್ಡ ಕಿವಿ, ಉದ್ದನೆಯ ಕಿರಿದಾದ ರೆಕ್ಕೆ. ಬಹುಕಾಲ ಇಡೀ ಜಗತ್ತಿನಲ್ಲಿ ಅದು ಇರುವುದು ಆ ಗುಹೆಗಳಲ್ಲಿ ಮಾತ್ರ ಎಂದೇ ತಿಳಿದಿದ್ದರು. ಆಮೇಲೆ ಮೇಘಾಲಯ ಮತ್ತು ಕಾಂಬೋಡಿಯಾದಲ್ಲೂ ಸಿಕ್ಕಿತು. ಆ ಪ್ರದೇಶ 2011ರಿಂದ ಭೀಮಗಡ ವನ್ಯಜೀವಿಧಾಮ, ಗುಹೆಗೆ ಹಾಗೆಯೇ ಹೋಗಲು ಬರುವುದಿಲ್ಲ, ಹೋಗಲೂಬಾರದು.

ನಮಗೆ ನಮ್ಮ ಊರಿನ ಆಲದ ಮರ, ಬೀದಿದೀಪಗಳು ಸಾಕು. ಎಣಿಸಿದವರು ಊರು, ಮರ, ದಿನಾಂಕ, ಮೊದಲ ಬಾವಲಿ ಹಾರಿದ ಸಮಯ, ಒಟ್ಟು ಸಂಖ್ಯೆ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ನನಗೆ ಕೊಡಿ. ಕುಡಚಿ, ರಾಯಬಾಗ, ಚಿಂಚಲಿಯಿಂದ ಬರುವವರು ಮರೆಯದೆ ಕೊಡಿ. ಕ್ಯಾಶ್ ಬುಕ್ಕಿನಂತೆ ಗೆರೆ ಹಾಕಿದ ಒಂದು ರಿಜಿಸ್ಟರ್ ಮಾಡಿಟ್ಟಿದ್ದೇನೆ, ಅದರಲ್ಲಿ ಈಗ ದಿಗ್ಗೇವಾಡಿಯ ಪುಟ ಮಾತ್ರ ತುಂಬಿದೆ.