ಹಲಸಿನ ಕಾಲದಲ್ಲಿ ಹಸುವಿನ ಹೊಟ್ಟೆ

ಹೆಜಮಾಡಿ, ಪಡುಬಿದ್ರಿ ಕಡೆಯ ಹಿತ್ತಿಲುಗಳಲ್ಲಿ ಮೇ-ಜೂನ್ ತಿಂಗಳಲ್ಲಿ ಹಲಸು ಮರದಡಿಯಲ್ಲೇ ಬಿದ್ದು ಕೊಳೆಯುವುದುಂಟು. ಹಗ್ಗ ಬಿಚ್ಚಿದ ಹಸು ಸಿಕ್ಕಷ್ಟು ತಿನ್ನುತ್ತದೆ. ಮದುವೆ, ಕೋಲದ ಊಟದಲ್ಲಿ ಉಳಿದ ಅನ್ನ-ಪಾಯಸವನ್ನು ಹಟ್ಟಿಗೆ ಸುರಿಯುವವರೂ ಇದ್ದಾರೆ. ಪ್ರೀತಿಯಿಂದ ಹಾಕಿದ್ದೇ ಸರಿ, ಆದರೆ ಹಸುವಿಗೆ ಅದು ವಿಷಕ್ಕೆ ಸಮ.

ಹುಲ್ಲನ್ನು ಕರಗಿಸುವ ಸೂಕ್ಷ್ಮಜೀವಿಗಳು ಹಸುವಿನ ಮೆಲುಕು ಚೀಲದಲ್ಲಿರುತ್ತವೆ. ಸಿಹಿ ಅಥವಾ ಅನ್ನ ಒಮ್ಮೆಲೇ ಸೇರಿದರೆ ಲ್ಯಾಕ್ಟಿಕ್ ಆಮ್ಲ ಹೆಚ್ಚಿ ಅವು ಸಾಯುತ್ತವೆ. ಚೀಲದ ಚಲನೆ ನಿಲ್ಲುತ್ತದೆ.

ಎಡ ಪಕ್ಕೆಯ ಗುಳಿಗೆ ಮುಷ್ಟಿಯೊತ್ತಿ 2 ನಿಮಿಷ ಹಿಡಿಯಿರಿ. ಆರೋಗ್ಯವಾಗಿದ್ದರೆ ಒಳಗಿನಿಂದ 2ರಿಂದ 4 ಸಲ ಅಲೆಯೆದ್ದಂತೆ ತಳ್ಳುತ್ತದೆ. ತಳ್ಳದಿದ್ದರೆ, ಮೆಲುಕು ನಿಂತಿದ್ದರೆ, ಸಗಣಿ ನೀರಾಗಿ ಹುಳಿ ವಾಸನೆ ಬರುತ್ತಿದ್ದರೆ ಸಂಜೆಯವರೆಗೆ ಕಾಯಬಾರದು. ತೂರಾಡಿ ಮಲಗಿದ ಹಸು ಉಳಿಯುವುದು ಕಷ್ಟ.

ಕೂಡಲೇ ಹಣ್ಣು, ಹಿಂಡಿ, ಅಕ್ಕಚ್ಚು ನಿಲ್ಲಿಸಿ ಬೈಹುಲ್ಲು ಮಾತ್ರ ಕೊಡಿ. ಪಶು ಆಸ್ಪತ್ರೆಗೆ ಇಲ್ಲವೇ 1962ಕ್ಕೆ ಕರೆ ಮಾಡಿ, ಏನನ್ನು, ಎಷ್ಟು, ಯಾವಾಗ ತಿಂದಿತೆಂದು ತಿಳಿಸಿ. ವೈದ್ಯರು ಒಪ್ಪಿದರೆ 100 ಗ್ರಾಂ ಅಡುಗೆ ಸೋಡಾವನ್ನು 1 ಲೀಟರ್ ನೀರಿನಲ್ಲಿ ಕರಗಿಸಿ, ನಿಂತಿರುವ ಹಸುವಿಗೆ ನಿಧಾನವಾಗಿ ಕುಡಿಸಬಹುದು. ಮಲಗಿದ ಹಸುವಿನ ಬಾಯಿಗೆ ಏನನ್ನೂ ಹೊಯ್ಯಕೂಡದು, ನಾಲಗೆ ಹಿಡಿದೆಳೆಯಲೂ ಕೂಡದು. ನೀರು ಶ್ವಾಸಕೋಶಕ್ಕಿಳಿದರೆ ಅದೇ ಸಾವಿಗೆ ಕಾರಣವಾದೀತು.

ಎಡ ಪಕ್ಕೆ ಡೋಲಿನಂತೆ ಬಿಗಿದು ಹಸು ಉಸಿರಿಗೆ ಒದ್ದಾಡಿದರೆ ಅದು ಹೊಟ್ಟೆಯುಬ್ಬರ. ಮುಂಗಾಲು ಎತ್ತರದಲ್ಲಿರುವಂತೆ ನಿಲ್ಲಿಸಿ, ವೈದ್ಯರನ್ನು ಆ ಕ್ಷಣವೇ ಕರೆಸಿ.

ಹಲಸು ಹಾಕಲೇಬೇಕೆಂದಿದ್ದರೆ ಮೊದಲು ಹೊಟ್ಟೆ ತುಂಬ ಹುಲ್ಲು ಕೊಟ್ಟು, ಬಳಿಕ ಸ್ವಲ್ಪ ಸಿಪ್ಪೆಯನ್ನಷ್ಟೇ ಹಾಕಿ. ಬಿದ್ದ ಹಣ್ಣನ್ನು ಬೆಳಗ್ಗೆ ಹಸು ಬಿಡುವ ಮುನ್ನವೇ ಹೆಕ್ಕಿ ಗೊಬ್ಬರದ ಗುಂಡಿಗೆ ಸೇರಿಸಿ ಮಣ್ಣು ಮುಚ್ಚಿ.